ಉತ್ತರ ಆಮೇಲೆ, ಮೊದಲು ಪ್ರಶ್ನೆ

ಎಐಗೆ ಒಂದು ಸಾಲಿನ ಪ್ರಶ್ನೆ ಹಾಕಿದರೆ ಹತ್ತು ಕಾರಣಗಳ ಪಟ್ಟಿ ಬರುತ್ತದೆ. ಓದಲು ಚೆನ್ನಾಗಿರುತ್ತದೆ, ಆದರೆ ನಮ್ಮ ಸಮಸ್ಯೆಗೆ ಅದರಲ್ಲಿ ಯಾವುದು ಕಾರಣ ಎಂಬುದು ಮಾತ್ರ ತಿಳಿಯುವುದಿಲ್ಲ. ಹಂತ ಹಂತವಾಗಿ ಕೇಳುವುದನ್ನು ಕಲಿತರೆ ಅದೇ ಎಐ ನಿಜಕ್ಕೂ ಕೆಲಸಕ್ಕೆ ಬರುತ್ತದೆ.

2022ರಲ್ಲಿ ಟೋಕಿಯೊ ವಿಶ್ವವಿದ್ಯಾಲಯ ಮತ್ತು ಗೂಗಲ್‌ನ ಸಂಶೋಧಕರು ಪ್ರಶ್ನೆಯ ಜತೆಗೆ ‘ಹಂತ ಹಂತವಾಗಿ ಯೋಚಿಸೋಣ’ ಎಂಬ ಅರ್ಥದ ಒಂದೇ ವಾಕ್ಯ ಸೇರಿಸಿ ನೋಡಿದರು. ಗಣಿತದ ಒಂದು ಪರೀಕ್ಷೆಯಲ್ಲಿ ಸರಿಯುತ್ತರಗಳು ಶೇ 17.7ರಿಂದ ಶೇ 78.7ಕ್ಕೆ ಏರಿದವು. ಆದರೆ ಲೆಕ್ಕಕ್ಕೆ ಬೇಕಾದ ಮಾಹಿತಿಯೆಲ್ಲ ಪ್ರಶ್ನೆಯಲ್ಲೇ ಇರುತ್ತದೆ. ಮನೆ, ಹೊಲದ ಸಮಸ್ಯೆಯಲ್ಲಿ ಮಾಹಿತಿ ಇರುವುದು ನಮ್ಮ ಕಣ್ಣೆದುರು. ಅದನ್ನು ನಾವೇ ನೋಡಿ ಹೇಳಬೇಕು.

ವಿರೂಪಾಕ್ಷಿಪುರದ ನಮ್ಮ ಹುಳುಮನೆಯಲ್ಲಿ ನಾಲ್ಕನೇ ಜ್ವರ ಎದ್ದ ಹುಳುಗಳು ಸೊಪ್ಪು ಬಿಟ್ಟು ಸಾಯತೊಡಗಿದವು. ಒಂದು ಬೆಳೆಯ ಸೊಪ್ಪಿನಲ್ಲಿ ಶೇ 80ರಷ್ಟು ಖರ್ಚಾಗುವುದು ಈ ಕೊನೆಯ ಹಂತದಲ್ಲೇ. ಆಗ ಹುಳು ಹೋದರೆ ಸೊಪ್ಪು, ಕೂಲಿ, ರಾಮನಗರ ಮಾರುಕಟ್ಟೆಯಲ್ಲಿ ಸಿಗಬೇಕಾದ ದುಡ್ಡು ಎಲ್ಲವೂ ಹೋದಂತೆ.

‘ಔಷಧಿ ಹೇಳಬೇಡ. ಕಾರಣ ಗುರುತಿಸಲು ಏನೇನು ನೋಡಬೇಕೋ ಒಂದೊಂದೇ ಕೇಳು. ನನ್ನ ಉತ್ತರ ಬಂದ ಮೇಲೆ ಮುಂದಿನದು’ ಎಂದು ಎಐಗೆ ಬರೆದೆ. ಇಲ್ಲಿ ‘ಜ್ವರ’ ಎಂದರೆ ಕಾಯಿಲೆಯಲ್ಲ, ಹುಳು ಪೊರೆ ಬಿಡುವ ಅವಧಿ ಎಂದೂ ತಿಳಿಸಿದೆ.

ಮೊನ್ನೆ ಸತ್ತ ಹುಳು ಗಟ್ಟಿಯಾಗಿ, ಸುಣ್ಣ ಬಳಿದಂತೆ ಬೆಳ್ಳಗಾಗಿದೆಯೇ? ಇಲ್ಲ. ಹಾಗಾದರೆ ಸುಣ್ಣಕಟ್ಟು ರೋಗವಲ್ಲ. ಮೆತ್ತಗಾಗಿ ವಾಂತಿ, ಭೇದಿ ಮಾಡುತ್ತಿವೆಯೇ? ಇಲ್ಲ. ಸಪ್ಪೆ ರೋಗದ ಸಾಧ್ಯತೆ ಕಡಿಮೆಯಾಯಿತು. ಮೈಯ ಗೆಣ್ಣುಗಳು ಊದಿವೆಯೇ? ಹಾಸಿಗೆಯ ಅಂಚಿನಲ್ಲಿ ಹರಿದಾಡುತ್ತಿವೆಯೇ? ಕಾಲು ಚುಚ್ಚಿದರೆ ಹಾಲಿನಂಥ ದ್ರವ ಬರುತ್ತದೆಯೇ? ಮೂರಕ್ಕೂ ಹೌದು. ಅದು ಹಾಲುತೊಂಡೆ ರೋಗದ ಲಕ್ಷಣ. ಫೋಟೊ ಕಳಿಸಿದ್ದರೆ ಎಐ ಊತವನ್ನು ನೋಡಬಹುದಿತ್ತೇನೋ, ಚುಚ್ಚಿ ನೋಡಲು ಆಗುತ್ತಿರಲಿಲ್ಲ.

ಈ ಪ್ರಶ್ನೋತ್ತರ ಬರೆದುಕೊಂಡು, ಡಬ್ಬಿಯಲ್ಲಿ ನಾಲ್ಕು ಹುಳು ಹಾಕಿಕೊಂಡು ರೇಷ್ಮೆ ಇಲಾಖೆಯ ತಾಂತ್ರಿಕ ಸೇವಾ ಕೇಂದ್ರಕ್ಕೆ ಹೋದೆ. ಅಲ್ಲಿ ಪರೀಕ್ಷಿಸಿ ಹಾಲುತೊಂಡೆಯೇ ಎಂದರು. ಇದು ವೈರಸ್ ಕಾಯಿಲೆ. ತಗುಲಿದ ಹುಳುವಿಗೆ ಮದ್ದಿಲ್ಲ, ಹರಡದಂತೆ ತಡೆಯಬೇಕಷ್ಟೆ. ರೋಗದ ಹುಳು ಆರಿಸಿ ತೆಗೆದು, ಹಾಸಿಗೆಗೆ ಸೋಂಕುನಿವಾರಕ ಪುಡಿ ಉದುರಿಸಿದೆವು. ಉಳಿದವುಗಳಲ್ಲಿ ಹೆಚ್ಚಿನವು ಗೂಡು ಕಟ್ಟಿದವು.

ಬೈಕ್ ಸ್ಟಾರ್ಟ್ ಆಗದಿದ್ದರೂ, ಪ್ರಾಜೆಕ್ಟ್‌ನ ಕೋಡ್ ಓಡದಿದ್ದರೂ ದಾರಿ ಇದೇ. ಏನಾಯಿತು, ಯಾವಾಗಿನಿಂದ, ಅದಕ್ಕೆ ಮೊದಲು ಏನು ಬದಲಾಗಿತ್ತು ಎಂದು ತಿಳಿಸಿ. ಒಮ್ಮೆಗೆ ಒಂದನ್ನೇ ಪರೀಕ್ಷಿಸಿ. ನೋಡದಿದ್ದರೆ ‘ನೋಡಿಲ್ಲ’ ಎನ್ನಿ, ಊಹಿಸಿ ಹೇಳಬೇಡಿ. ಕೊನೆಯ ಮಾತು ತಿಳಿದವರದ್ದಾಗಲಿ. ನಾಳೆ ಸಂದರ್ಶನದಲ್ಲಿ ‘ಸಮಸ್ಯೆಯೊಂದನ್ನು ಹೇಗೆ ಬಿಡಿಸಿದಿರಿ?’ ಎಂದು ಕೇಳಿದರೆ ಹೇಳಲು ನಿಮ್ಮ ಬಳಿ ಹಂತಗಳಿರುತ್ತವೆ.