ಇಡೀ ರಾತ್ರಿಯ ಆಟ, ಎರಡು ನಿಮಿಷದ ತುಣುಕು

ಕರಾವಳಿಯ ಯಕ್ಷಗಾನ ಹುಟ್ಟಿನಿಂದಲೇ ರಾತ್ರಿಯ ಕಲೆ. ಸಂಜೆ ಕೇಳಿ ಬಾರಿಸಿ ಊರಿಗೆ ಸುದ್ದಿ ಮುಟ್ಟಿಸಿದರೆ, ಬೆಳಗಿನ ಮಂಗಳ ಹಾಡುವವರೆಗೆ ಆಟ ನಡೆಯುತ್ತಿತ್ತು. ಉತ್ತರ ಕನ್ನಡ, ಉಡುಪಿ, ದಕ್ಷಿಣ ಕನ್ನಡ, ಈಗ ಕೇರಳದಲ್ಲಿರುವ ಕಾಸರಗೋಡು ಮತ್ತು ಘಟ್ಟದ ಮೇಲಿನ ಶಿವಮೊಗ್ಗ, ಚಿಕ್ಕಮಗಳೂರು ಜಿಲ್ಲೆಗಳ ಕೆಲವು ತಾಲ್ಲೂಕುಗಳು ಇದರ ನೆಲೆ. ಕಳೆದ ನೂರು ವರ್ಷಗಳಲ್ಲಿ ಈ ನೆಲೆಗೆ ಗ್ಯಾಸ್‌ಲೈಟು, ಮೈಕು, ಡೇರೆ, ಆಕಾಶವಾಣಿ, ಕ್ಯಾಸೆಟ್ಟು, ಟಿ.ವಿ., ಮೊಬೈಲು ಒಂದರ ಹಿಂದೊಂದು ಬಂದವು. ದುಡಿಯಲು ಮುಂಬೈಗೆ, ಆಮೇಲೆ ಕೊಲ್ಲಿ ದೇಶಗಳಿಗೆ ಹೋದವರ ಹಣವೂ ಬಂತು. ಪ್ರತಿ ಸಲವೂ ಯಕ್ಷಗಾನದ ಕಥೆ ಮುಗಿಯಿತೆಂಬ ಮಾತು ಹುಟ್ಟಿತು. ಕಥೆ ಮುಗಿಯಲಿಲ್ಲ, ಆದರೆ ಆಟದ ಅಳತೆ ಬದಲಾಯಿತು. ಇಡೀ ರಾತ್ರಿ ಮೂರು ಗಂಟೆಗೆ ಇಳಿಯಿತು, ಪ್ರಸಂಗದಿಂದ ಒಂದು ಪದ ಬೇರೆಯಾಯಿತು, ಕೊನೆಗೆ ಎರಡು ನಿಮಿಷದ ತುಣುಕೂ ಉಂಟಾಯಿತು. ಜಾಗತೀಕರಣ ಮತ್ತು ಮಾಧ್ಯಮ ಒಂದು ಸ್ಥಳೀಯ ಕಲೆಯನ್ನು ಹೇಗೆ ತಿದ್ದುತ್ತವೆ ಎಂಬುದಕ್ಕೆ ಈ ಅಳತೆಯ ಬದಲಾವಣೆಯೇ ಸಾಕ್ಷಿ.

ರಾತ್ರಿಯೇ ಪಾಠಶಾಲೆ

ಬಯಲಾಟದ ರಾತ್ರಿಗೆ ಒಂದು ಕ್ರಮವಿತ್ತು. ಬಣ್ಣ ಹಚ್ಚುವ ಮನೆಯಾದ ಚೌಕಿಯಲ್ಲಿ ಗಣಪತಿ ಪೂಜೆಯಾದ ಮೇಲೆ ಪೂರ್ವರಂಗ. ದಕ್ಷಿಣದ ಶೈಲಿಯಾದ ತೆಂಕುತಿಟ್ಟಿನಲ್ಲಿ ಕೋಡಂಗಿ, ಬಾಲಗೋಪಾಲ, ಷಣ್ಮುಖ ಸುಬ್ರಾಯ, ಅರ್ಧನಾರೀಶ್ವರ, ಮುಖ್ಯ ಸ್ತ್ರೀವೇಷ ಹೀಗೆ ನಿತ್ಯವೇಷಗಳು ಒಂದಾದ ಮೇಲೊಂದು ಬರುತ್ತವೆ. ಹೊಸದಾಗಿ ಮೇಳ ಸೇರಿದ ಹುಡುಗ ಕೋಡಂಗಿಯಿಂದ ಶುರುಮಾಡಿ, ವರ್ಷದಿಂದ ವರ್ಷಕ್ಕೆ ಒಂದೊಂದೇ ಮೆಟ್ಟಿಲು ಹತ್ತುತ್ತಿದ್ದ. ಹಾಡಿಕೆಯಲ್ಲೂ ಹಾಗೆಯೇ: ಪೂರ್ವರಂಗಕ್ಕೆ ಸಂಗೀತಗಾರ, ಪ್ರಸಂಗದ ಮೊದಲ ಭಾಗಕ್ಕೆ ಕಿರಿಯ ಭಾಗವತ, ನಡುರಾತ್ರಿಯ ನಂತರ ಮುಖ್ಯ ಭಾಗವತ. ಪ್ರೇಕ್ಷಕರು ಕಡಿಮೆಯಿದ್ದ ಹೊತ್ತಿನಲ್ಲಿ ಕಿರಿಯರು ತಪ್ಪುತ್ತ ಕಲಿಯುತ್ತಿದ್ದರು. ತಮ್ಮ ಪಾಳಿ ಮುಗಿದ ಮೇಲೆ ರಂಗಸ್ಥಳದ ಬದಿಯಲ್ಲಿ ಕುಳಿತು ಹಿರಿಯರ ಪದ, ಕುಣಿತ, ಮಾತು ನೋಡಿ ಕಲಿಯುತ್ತಿದ್ದರು. ಬೇರೆ ಶಾಲೆ ಇಲ್ಲದ ಕಾಲದಲ್ಲಿ ರಾತ್ರಿಯೇ ಶಾಲೆಯಾಗಿತ್ತು.

ತೆಂಕಿನ ಬಣ್ಣದ ವೇಷಕ್ಕೂ ಈ ಉದ್ದ ರಾತ್ರಿ ಬೇಕಿತ್ತು. ರಾವಣ, ಮಹಿಷಾಸುರರಂಥ ಪಾತ್ರಗಳಿಗೆ ಅಕ್ಕಿಹಿಟ್ಟು ಮತ್ತು ಸುಣ್ಣ ಕಲಸಿ, ಮುಖದ ಮೇಲೆ ಚುಟ್ಟಿಯ ಮುಳ್ಳುಗಳನ್ನು ಒಂದೊಂದಾಗಿ ಇಡಬೇಕು. ಒಂದು ಸಾಲು ಒಣಗಿದ ಮೇಲೆ ಅದರ ಮೇಲೆ ಇನ್ನೊಂದು ಸಾಲು. ವೇಷಧಾರಿ ಸಂಜೆ ಕನ್ನಡಿಯ ಮುಂದೆ ಕುಳಿತರೆ ಏಳುವುದಕ್ಕೆ ಮೂರ್ನಾಲ್ಕು ಗಂಟೆ ಹಿಡಿಯುತ್ತಿತ್ತು. ನಡುರಾತ್ರಿ ಕಳೆದ ಮೇಲೆ ಸಭೆಯ ಹಿಂದಿನಿಂದ ದೀವಟಿಗೆಗಳ ನಡುವೆ, ರಾಳದ ಪುಡಿ ಎರಚಿದಾಗ ಏಳುವ ಬೆಂಕಿಯಲ್ಲಿ ಆ ವೇಷ ಅಬ್ಬರಿಸಿ ಬಂದರೆ, ನಿದ್ದೆಗಣ್ಣಿನ ಮಕ್ಕಳು ಬೆಚ್ಚಿ ಬೀಳುತ್ತಿದ್ದರು. ಕತ್ತಲು, ಕಾಯುವಿಕೆ, ನಿದ್ದೆ ಎಲ್ಲವೂ ಆ ಪರಿಣಾಮದ ಭಾಗವಾಗಿದ್ದವು.

ಡೇರೆ, ಮೈಕು, ಟಿಕೆಟ್ಟು

ಇಪ್ಪತ್ತನೆಯ ಶತಮಾನದ ನಡುಭಾಗದಲ್ಲಿ ಬಯಲಿನ ಆಟ ಡೇರೆಯೊಳಗೆ ಬಂತು. ದೇವಸ್ಥಾನದ ಮೇಳಗಳಲ್ಲಿ ಆಟ ಆಡಿಸುವವರು ಹರಕೆ ಹೊತ್ತವರು, ನೋಡುವವರಿಗೆ ಖರ್ಚಿಲ್ಲ. ಡೇರೆ ಮೇಳದಲ್ಲಿ ಟಿಕೆಟ್ಟು ಕೊಂಡವನೇ ಯಜಮಾನನ ಆಸರೆ. ಹಾಗಾಗಿ ಜನರನ್ನು ಸೆಳೆಯುವ ಹೊಸ ಪ್ರಸಂಗ, ಹೆಸರುಳ್ಳ ಕಲಾವಿದ, ಬಣ್ಣಬಣ್ಣದ ಕರಪತ್ರ, ಊರೂರಿನಲ್ಲಿ ಮೈಕು ಕಟ್ಟಿದ ಕಾರಿನ ಪ್ರಚಾರ ಎಲ್ಲವೂ ಅಗತ್ಯವಾದವು. ಪುರಾಣದ ಪ್ರಸಂಗಗಳ ಜೊತೆಗೆ ಕಾಲ್ಪನಿಕ ಕಥೆಗಳು, ತುಳು ಪ್ರಸಂಗಗಳು ಬಂದವು. ಸಿನಿಮಾದ ಕಥೆಯ ಓಟ, ನಾಯಕಿಯ ಉಡುಗೆ, ಹಾಸ್ಯದ ಧಾಟಿ ರಂಗಸ್ಥಳಕ್ಕೆ ಇಳಿದದ್ದು ಈ ಪೈಪೋಟಿಯಲ್ಲಿಯೇ.

ಮೈಕು ಮಾಡಿದ ಬದಲಾವಣೆ ಇನ್ನೂ ಸೂಕ್ಷ್ಮ. ಬಯಲಿನ ಕೊನೆಯವನಿಗೂ ಕೇಳಿಸಬೇಕಿದ್ದ ಕಾಲದಲ್ಲಿ ಭಾಗವತರು ಏರುಶ್ರುತಿಯಲ್ಲಿ ಹಾಡಬೇಕಿತ್ತು. ಗಂಟಲು ಗಟ್ಟಿಯಿರುವುದೇ ಮೊದಲ ಅರ್ಹತೆ. ಮೈಕು ಬಂದ ಮೇಲೆ ತಗ್ಗಿದ ದನಿಯಲ್ಲಿ ಆಲಾಪ ಮಾಡಲು, ರಾಗವನ್ನು ಹಿಗ್ಗಿಸಲು ಸಾಧ್ಯವಾಯಿತು. ಹಿಮ್ಮೇಳದಲ್ಲಿ ಕುಳಿತು ಆಟ ನಡೆಸುತ್ತಿದ್ದ ಭಾಗವತ ತಾನೇ ಆಕರ್ಷಣೆಯ ಕೇಂದ್ರವಾಗುವ ದಾರಿ ಅಲ್ಲಿ ತೆರೆಯಿತು.

ಕಿವಿಗೆ ಬಂದ ಆಟ

1976ರಲ್ಲಿ ಮಂಗಳೂರು ಆಕಾಶವಾಣಿ ಆರಂಭವಾದಾಗ ತಾಳಮದ್ದಳೆಗೆ ಹೊಸ ಜಗಲಿ ಸಿಕ್ಕಿತು. ವೇಷ, ಕುಣಿತ ಇಲ್ಲದೆ ಪದ ಮತ್ತು ಮಾತಿನಲ್ಲೇ ನಡೆಯುವ ತಾಳಮದ್ದಳೆ ರೇಡಿಯೋಗೆ ಹೇಳಿ ಮಾಡಿಸಿದಂತಿತ್ತು. ಶೇಣಿ ಗೋಪಾಲಕೃಷ್ಣ ಭಟ್ಟರಂಥ ಅರ್ಥಧಾರಿಗಳ ವಾದಸರಣಿಯನ್ನು ಕೇಳಲು ಆಟ ನಡೆಯುವ ಊರಿಗೆ ಹೋಗಬೇಕಾಗಿರಲಿಲ್ಲ. ಆದರೆ ಜಗಲಿಯಲ್ಲಿ ಬೆಳಗಿನವರೆಗೆ ಬೆಳೆಯುತ್ತಿದ್ದ ಕೃಷ್ಣ ಸಂಧಾನವೋ ವಾಲಿವಧೆಯೋ ಪ್ರಸಾರದ ಅವಧಿಯೊಳಗೆ ಮುಗಿಯಬೇಕಿತ್ತು. ಗಡಿಯಾರ ನೋಡಿ ಅರ್ಥ ಹೇಳುವ ಅಭ್ಯಾಸ ಅಲ್ಲಿಂದ ಬಂತು.

ಕ್ಯಾಸೆಟ್ಟು ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ಉತ್ತರದ ಶೈಲಿಯಾದ ಬಡಗುತಿಟ್ಟಿನ ಭಾಗವತ ಕಾಳಿಂಗ ನಾವಡರ ಕಂಠ ಹೋಟೆಲು, ಬಸ್ಸು, ಮದುವೆಮನೆಗಳಲ್ಲಿ ಕೇಳಿಬಂತು. 1990ರಲ್ಲಿ ಎಳೆಯ ವಯಸ್ಸಿನಲ್ಲೇ ಅಪಘಾತದಲ್ಲಿ ತೀರಿಕೊಂಡ ನಾವಡರು ಆಮೇಲೂ ಹಲವು ಭಾಗವತರಿಗೆ ಮಾದರಿಯಾದರೆ, ಅದಕ್ಕೆ ಆ ಕ್ಯಾಸೆಟ್ಟುಗಳೇ ಮುಖ್ಯ ಕಾರಣ. ಮೇಳದಲ್ಲಿ ಗುರುವಿನ ಪಕ್ಕ ಕುಳಿತು ಕಲಿಯುತ್ತಿದ್ದದ್ದನ್ನು ಈಗ ರೆಕಾರ್ಡರಿನ ಗುಂಡಿ ಒತ್ತಿ ಕಲಿಯಬಹುದಿತ್ತು. ಲಾಭ ದೊಡ್ಡದು, ನಷ್ಟವೂ ಇತ್ತು. ಗುರುವಿನಿಂದ ಗುರುವಿಗೆ ಬೇರೆಯಾಗುತ್ತಿದ್ದ ಬಡಗಿನ ಹಾಡಿಕೆಯ ಧಾಟಿಗಳ ಅಂತರ ತೆಳುವಾಯಿತು. ಎಲ್ಲರೂ ಒಬ್ಬರನ್ನೇ ಕೇಳತೊಡಗಿದಾಗ ಎಲ್ಲರ ಹಾಡಿಕೆಯೂ ಒಂದೇ ದಿಕ್ಕಿಗೆ ವಾಲುವುದು ಸಹಜ.

ಟಿ.ವಿ.ಯ ಸಂಜೆ, ಪರದೇಶದ ಹಣ

1991ರ ಉದಾರೀಕರಣದ ಬೆನ್ನಿಗೇ ಖಾಸಗಿ ವಾಹಿನಿಗಳು ಬಂದವು. 1994ರಲ್ಲಿ ಉದಯ ಟಿ.ವಿ. ಆರಂಭವಾಯಿತು. ರಾತ್ರಿ ಊಟದ ಹೊತ್ತಿಗೆ ಮನೆಯಲ್ಲೇ ಸಿನಿಮಾ, ಧಾರಾವಾಹಿ ಸಿಕ್ಕಮೇಲೆ ಟಿಕೆಟ್ಟು ಕೊಂಡು ಡೇರೆಗೆ ಹೋಗುವವರು ಇಳಿದರು. ಒಂದು ಕಾಲಕ್ಕೆ ಹೆಸರು ಮಾಡಿದ್ದ ಸುರತ್ಕಲ್, ಕರ್ನಾಟಕ ಮೇಳಗಳು ತಿರುಗಾಟ ನಿಲ್ಲಿಸಿದವು. ಬಡಗಿನಲ್ಲಿ ಸಾಲಿಗ್ರಾಮ, ಪೆರ್ಡೂರು ಮೇಳಗಳು ಡೇರೆಯ ಪದ್ಧತಿಯನ್ನು ಉಳಿಸಿಕೊಂಡವು.

ಅದೇ ವೇಳೆಗೆ ಹರಕೆಯ ಮೇಳಗಳು ಬೆಳೆದವು ಎಂಬುದು ಮೊದಲ ನೋಟಕ್ಕೆ ಅಚ್ಚರಿ. ಕಟೀಲು, ಮಂದಾರ್ತಿ ಕ್ಷೇತ್ರಗಳಲ್ಲಿ ಒಂದೇ ಹೆಸರಿನಲ್ಲಿ ಹಲವು ಮೇಳಗಳು ಹೊರಡುತ್ತವೆ. ಹಾಗಿದ್ದೂ ಹರಕೆಯಾಟ ಆಡಿಸಲು ವರ್ಷಗಟ್ಟಲೆ ಸರದಿ ಕಾಯಬೇಕು. ಇದರ ಹಿಂದೆ ಭಕ್ತಿಯ ಜೊತೆಗೆ ಆರ್ಥಿಕತೆಯೂ ಇದೆ. ಮುಂಬೈಯ ಹೋಟೆಲು ಉದ್ಯಮ, ದುಬೈ, ಮಸ್ಕತ್, ಬಹರೈನ್‌ಗಳ ನೌಕರಿ, ಬೆಂಗಳೂರಿನ ಐ.ಟಿ. ಸಂಬಳ ಊರಿನ ಮನೆಗೆ ಬಂದಾಗ ಅದರ ಒಂದು ಪಾಲು ಸೇವೆಯಾಟಕ್ಕೆ ಸಲ್ಲುತ್ತದೆ. ಮನೆ ಕಟ್ಟಿದ್ದಕ್ಕೆ, ಮಗು ಹುಟ್ಟಿದ್ದಕ್ಕೆ, ವೀಸಾ ಸಿಕ್ಕಿದ್ದಕ್ಕೆ ಹರಕೆ. ರಜೆಗೆ ಊರಿಗೆ ಬರುವ ದಿನ ನೋಡಿ ಆಟದ ದಿನ ಗೊತ್ತುಮಾಡುವವರೂ ಇದ್ದಾರೆ. ಹಳ್ಳಿಯ ಯುವಕರನ್ನು ಹೊರಗೆ ಸೆಳೆದ ಜಾಗತಿಕ ಮಾರುಕಟ್ಟೆಯೇ, ಅವರ ಗಳಿಕೆಯ ಮೂಲಕ ಹಳ್ಳಿಯ ಆಟವನ್ನು ಸಾಕುತ್ತಿದೆ. ಆದರೆ ಆಟ ಆಡಿಸುವವರು ಹೆಚ್ಚಿದಷ್ಟು ಬೆಳಗಿನವರೆಗೆ ಕುಳಿತು ನೋಡುವವರು ಹೆಚ್ಚಿಲ್ಲ. ಅನ್ನಸಂತರ್ಪಣೆಗೆ ತುಂಬಿದ ಅಂಗಳ ನಡುರಾತ್ರಿಗೆ ಬರಿದಾಗುವುದು ಸಾಮಾನ್ಯ ದೃಶ್ಯ.

ಕಾಲಮಿತಿ

ಈ ಬರಿದಾದ ಕುರ್ಚಿಗಳಿಗೆ ಸಿಕ್ಕ ಉತ್ತರ ಕಾಲಮಿತಿ ಯಕ್ಷಗಾನ. ಸಂಜೆ ಶುರುವಾಗಿ ಮೂರರಿಂದ ಐದು ಗಂಟೆಯೊಳಗೆ ಮುಗಿಯುವ ಆಟ. ಮರುದಿನ ಬೆಳಿಗ್ಗೆ ಕೆಲಸಕ್ಕೆ, ಶಾಲೆಗೆ ಹೋಗುವವರಿಗೆ ಇದು ಅನುಕೂಲ. ತಿರುಗಾಟದ ಆರು ತಿಂಗಳು ನಿದ್ದೆಗೆಡುವ ಕಲಾವಿದನ ಆರೋಗ್ಯಕ್ಕೂ ಒಳ್ಳೆಯದು. ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ಧ್ವನಿವರ್ಧಕವನ್ನು ನಿರ್ಬಂಧಿಸುವ 2000ದ ಶಬ್ದಮಾಲಿನ್ಯ ನಿಯಮಗಳೂ ಇದಕ್ಕೆ ಒತ್ತು ಕೊಟ್ಟವು. ಕಟೀಲು ಮೇಳಗಳು 2022ರಲ್ಲಿ ಕಾಲಮಿತಿಗೆ ಹೊರಳಿದಾಗ ಭಕ್ತರಲ್ಲಿ ಚರ್ಚೆಯೆದ್ದಿತು. ವಿಷಯ ಹೈಕೋರ್ಟ್ ಮುಟ್ಟಿ, 2024ರಲ್ಲಿ ಶಬ್ದದ ನಿಯಮಗಳಿಗೆ ಒಳಪಟ್ಟು ಇಡೀ ರಾತ್ರಿ ಆಡಲು ಅವಕಾಶವಾಯಿತು.

ಕಾಲಮಿತಿಯಲ್ಲಿ ಪ್ರಸಂಗ ಬಿಗಿಯಾಗುತ್ತದೆ, ಎಳೆದಾಟ ತಪ್ಪುತ್ತದೆ. ಅದಕ್ಕೆ ತೆರುವ ಬೆಲೆ ಪೂರ್ವರಂಗ. ನಿತ್ಯವೇಷಗಳಿಗೆ ಹೊತ್ತಿಲ್ಲದಿದ್ದರೆ ಕೋಡಂಗಿ ಹುಡುಗನಿಗೆ ರಂಗಸ್ಥಳವಿಲ್ಲ. ಪ್ರಸಂಗದಲ್ಲೂ ಪಾತ್ರಪ್ರವೇಶದ ಒಡ್ಡೋಲಗ ಮೊಟಕಾಗಿ, ಪಾತ್ರ ನೇರ ಮಾತಿಗೆ ಇಳಿಯುತ್ತದೆ. ಚುಟ್ಟಿ ಇಡುವಷ್ಟು ಹೊತ್ತು ಸಿಗದೆ ಬಣ್ಣದ ವೇಷದ ಮುಖವರ್ಣಿಕೆ ಸರಳವಾಗುತ್ತದೆ. ಕತ್ತಲಿಗೆಂದು ಕಟ್ಟಿದ ವೇಷ ಸಂಜೆಯ ಬೆಳಕಿನಲ್ಲಿ, ಎಚ್ಚರವಿರುವ ಕಣ್ಣುಗಳ ಮುಂದೆ ಅಷ್ಟೇ ಭಯ ಹುಟ್ಟಿಸುವುದಿಲ್ಲ.

ಮೊಬೈಲಿನ ರಂಗಸ್ಥಳ

2020ರ ಮಾರ್ಚ್‌ನಲ್ಲಿ ಕೊರೊನಾದಿಂದ ತಿರುಗಾಟ ಅರ್ಧಕ್ಕೇ ನಿಂತಾಗ, ಯೂಟ್ಯೂಬ್ ನೇರಪ್ರಸಾರ ಹಲವು ಕಲಾವಿದರಿಗೆ ಆಸರೆಯಾಯಿತು. ಅಲ್ಲಿಂದೀಚೆಗೆ ಹರಕೆಯಾಟದ ಅಂಗಳದಲ್ಲಿ ಕ್ಯಾಮೆರಾ ನಿಲ್ಲಿಸುವುದು ವಾಡಿಕೆಯೇ ಆಗಿದೆ. ಮಗ ಕುವೈತಿನಲ್ಲಿದ್ದರೂ ತನ್ನ ಮನೆಯ ಆಟ ನೋಡಬಲ್ಲ. ಹಳೆಯ ಕಲಾವಿದರ ಧ್ವನಿ, ದೃಶ್ಯಗಳು ಹುಡುಕಿದವರಿಗೆ ಸಿಗುತ್ತವೆ. ಸಿಗದೆ ಮೂಲೆ ಸೇರಿದ್ದ ಪ್ರಸಂಗಪುಸ್ತಕಗಳನ್ನು ಆಸಕ್ತರು ಸ್ಕ್ಯಾನ್ ಮಾಡಿ ಹಂಚಿದ್ದಾರೆ. ಅಭಿಮಾನಿಗಳ ಜಾಲ ಆರ್ಥಿಕ ನೆರವಾಗಿಯೂ ತಿರುಗಿದೆ: ಭಾಗವತ ಪಟ್ಲ ಸತೀಶ ಶೆಟ್ಟರ ಹೆಸರಿನ ಪ್ರತಿಷ್ಠಾನ ದೇಶವಿದೇಶಗಳ ದಾನಿಗಳ ಹಣದಿಂದ ಕಷ್ಟದಲ್ಲಿರುವ ಕಲಾವಿದರ ಚಿಕಿತ್ಸೆ, ಮನೆಗಳಿಗೆ ನೆರವು ನೀಡುತ್ತಿದೆ.

ಆದರೆ ಪೂರ್ತಿ ಆಟಕ್ಕಿಂತ ಅದರಿಂದ ಕತ್ತರಿಸಿದ ತುಣುಕು ಹೆಚ್ಚು ದೂರ ಹೋಗುತ್ತದೆ. ಯಾವುದು ಕತ್ತರಿಸಲು ಸುಲಭವೋ ಅದು ರಂಗಸ್ಥಳದಲ್ಲೂ ಬೆಳೆಯುತ್ತದೆ. ತೆಂಕಿನ ಧೀಂಗಿಣ ಇದಕ್ಕೆ ಒಳ್ಳೆಯ ಉದಾಹರಣೆ. ವೀರರಸದ ಪಾತ್ರದ ಆವೇಶವನ್ನು ತೋರಿಸಲು ನಾಲ್ಕಾರು ಸುತ್ತು ಹಾರಿ ತಿರುಗುತ್ತಿದ್ದ ಕಡೆ, ಪ್ರೇಕ್ಷಕರು ಎಣಿಸುತ್ತ ಶಿಳ್ಳೆ ಹೊಡೆಯುವಷ್ಟು ಸುತ್ತು ಬಂತು. ಬಡಗಿನಲ್ಲಿ ಮಂಡಿ ಕುಣಿತಕ್ಕೆ ಅದೇ ಗತಿ. ಚೆಂಡೆಯ ಪೆಟ್ಟು, ಏರುದನಿಯ ಆಲಾಪ, ಹಾಸ್ಯಗಾರನ ಒಂದು ಚಟಾಕಿ ಇವು ತುಣುಕಾಗಬಲ್ಲವು. ಕರ್ಣಭೇದನದಲ್ಲಿ ಕರ್ಣನ ಸಂಕಟ ಮಾತಿನಿಂದ ಮಾತಿಗೆ ಕಟ್ಟಿಕೊಳ್ಳುವ ಬಗೆ ತುಣುಕಿಗೆ ದಕ್ಕುವುದಿಲ್ಲ.

ಮಾತುಗಾರಿಕೆಗೆ ಇನ್ನೊಂದು ತೊಡಕಿದೆ. ಯಕ್ಷಗಾನದ ಮಾತು ಬರೆದಿಟ್ಟದ್ದಲ್ಲ. ಪದ್ಯದ ಎಳೆ ಹಿಡಿದು ಕಲಾವಿದ ಆ ಹೊತ್ತಿಗೆ ಕಟ್ಟುವಂಥದ್ದು. ಎದುರು ಪಾತ್ರಧಾರಿಯ ಬುದ್ಧಿವಂತಿಕೆ, ಆ ಊರಿನ ಸುದ್ದಿ, ಮುಂದಿನ ಸಾಲಿನಲ್ಲಿ ಕುಳಿತವರ ಗುರುತು ಎಲ್ಲವೂ ಅದರೊಳಗೆ ಬರುತ್ತದೆ. ಒಂದು ಊರಿನ ನಗೆಗೆಂದು ಆಡಿದ ಮಾತು ಮರುದಿನ ಹಿಂದುಮುಂದಿಲ್ಲದೆ ಎಲ್ಲೆಡೆ ಹಬ್ಬಿದರೆ ಜಾತಿಯ, ಪಕ್ಷದ, ಮತದ ತಕರಾರಾಗಿ ತಿರುಗಬಹುದು. ಕ್ಯಾಮೆರಾ ಕಂಡ ಕಲಾವಿದ ಮಾತು ಅಳೆದು ಆಡುತ್ತಾನೆ. ಅಶ್ಲೀಲಕ್ಕೆ ಕಡಿವಾಣ ಬಿದ್ದರೆ ಒಳಿತೇ. ಅದರ ಜೊತೆಗೆ ದೊಡ್ಡವರನ್ನು ಕುಟುಕುವ ಹಾಸ್ಯಗಾರನ ಸಲಿಗೆಯೂ ಕುಗ್ಗುತ್ತಿದೆ.

ಹೊರಲೋಕದ ನಂಟು

ಹೊರಗಿನ ಜಗತ್ತು ಯಕ್ಷಗಾನಕ್ಕೆ ಹಣ ಮತ್ತು ಕ್ಯಾಮೆರಾ ಮಾತ್ರ ಕೊಟ್ಟಿಲ್ಲ. ಶಿವರಾಮ ಕಾರಂತರು ಉಡುಪಿಯ ಯಕ್ಷಗಾನ ಕೇಂದ್ರದಲ್ಲಿ ಪಿಟೀಲು, ಸ್ಯಾಕ್ಸೋಫೋನ್ ಸೇರಿಸಿ, ಮಾತು ಕಳೆದು ಬ್ಯಾಲೆ ರೂಪಿಸಿ ವಿದೇಶಗಳಿಗೆ ಕೊಂಡೊಯ್ದರು. ಸಂಪ್ರದಾಯಸ್ಥರು ಅದನ್ನು ಒಪ್ಪಲಿಲ್ಲ. ಆದರೆ ಹಳೆಯ ವೇಷಭೂಷಣ, ಬಣ್ಣಗಾರಿಕೆಗಳನ್ನು ಶೋಧಿಸಿ ದಾಖಲಿಸಿದವರೂ ಅವರೇ. ಅವರ ‘ಯಕ್ಷಗಾನ ಬಯಲಾಟ’ಕ್ಕೆ 1959ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಅಮೆರಿಕದ ಮಾರ್ಥಾ ಆಷ್ಟನ್ ಮದ್ದಳೆಗಾರ ಹಿರಿಯಡ್ಕ ಗೋಪಾಲರಾಯರ ಬಳಿ ಕಲಿತು ಇಂಗ್ಲಿಷಿನಲ್ಲಿ ಗ್ರಂಥ ಬರೆದರು. 1934ರಲ್ಲಿ ಕೆರೆಮನೆ ಶಿವರಾಮ ಹೆಗಡೆ ಕಟ್ಟಿದ ಇಡಗುಂಜಿ ಮೇಳವನ್ನು ಅವರ ಮಗ ಶಂಭು ಹೆಗಡೆ ನಗರದ ಸಭಾಂಗಣಗಳಿಗೂ ಹೊರದೇಶಗಳಿಗೂ ಒಯ್ದರು. ಹೊರಗಿನ ವೇದಿಕೆ ಬೇಡಿದ ಅಚ್ಚುಕಟ್ಟು ಊರಿನ ಆಟದ ಮೇಲೂ ಪ್ರಭಾವ ಬೀರಿತು.

ಮೇಳದ ಹೊರಗೆ ಕಲಿಸುವ ತರಗತಿಗಳು ಹೆಚ್ಚಿದ್ದರಿಂದ ಗಂಡಸರ ಕಲೆಯಾಗಿದ್ದ ಯಕ್ಷಗಾನದಲ್ಲಿ ಹೆಣ್ಣುಮಕ್ಕಳು ದೊಡ್ಡ ಸಂಖ್ಯೆಯಲ್ಲಿ ಗೆಜ್ಜೆ ಕಟ್ಟಿದರು. ಲೀಲಾವತಿ ಬೈಪಾಡಿತ್ತಾಯರು ವೃತ್ತಿಮೇಳದಲ್ಲೇ ಭಾಗವತಿಕೆ ಮಾಡಿ ದಾರಿ ತೋರಿದ್ದರು. ಇಂದು ಬೆಂಗಳೂರು, ಮುಂಬೈ, ದುಬೈಗಳಲ್ಲಿ ವಾರಾಂತ್ಯಕ್ಕೆ ಹೆಜ್ಜೆ ಕಲಿಯುವ ಮಕ್ಕಳಿಗೆ ಯಕ್ಷಗಾನ ಎಂದರೆ ಕನ್ನಡದ ಪಾಠವೂ ಹೌದು. ಮನೆಯಲ್ಲಿ ಇಂಗ್ಲಿಷು, ಹಿಂದಿ ಆಡುವ ಮಗು ಅಭಿಮನ್ಯುವಾಗಲು ಹಳಗನ್ನಡದ ಛಾಯೆಯ ಮಾತನ್ನು ಬಾಯಿಪಾಠ ಮಾಡುತ್ತದೆ. ಆದರೆ ಬಾಯಿಪಾಠ ಬಂದ ಮಾತಿಗೂ ರಂಗದಲ್ಲೇ ಹುಟ್ಟುವ ಮಾತಿಗೂ ನಡುವೆ ಹಲವು ವರ್ಷಗಳ ತಿರುಗಾಟದ ಅಂತರವಿದೆ.

ಉಳಿಸಬೇಕಾದದ್ದು ಯಾವುದು

ಯಕ್ಷಗಾನ ಎಂದೂ ನಿಂತ ನೀರಾಗಿರಲಿಲ್ಲ. ಇಂದು ಪರಂಪರೆ ಎನಿಸುವ ಹಾರ್ಮೋನಿಯಂ ಶ್ರುತಿಯೂ ಒಂದು ಕಾಲಕ್ಕೆ ಹೊಸತೇ. ಆದ್ದರಿಂದ ಹೊರಗಿನದು ಬಂತೆಂಬುದೇ ದೂರಾಗಬೇಕಿಲ್ಲ. ಹೊಸ ಮಾಧ್ಯಮಗಳು ನೋಡುಗರನ್ನು ಹೆಚ್ಚಿಸಿವೆ, ಕಲಾವಿದನಿಗೆ ಹೆಸರು ತಂದಿವೆ, ಮರೆತದ್ದನ್ನು ಮರಳಿಸಿವೆ. ಅವು ಕೊಡಲಾರದ್ದು ಒಂದೇ: ಕಲಿಯುವವನಿಗೆ ಬೇಕಾದ ಹೊತ್ತು. ತುಣುಕಿನ ಲೋಕದಲ್ಲಿ ಪಳಗಿದವನಿಗೆ ಮಾತ್ರ ಜಾಗವಿದೆ; ಪಳಗುತ್ತಿರುವವನಿಗೆ ಇಲ್ಲ.

ಆ ಜಾಗವನ್ನು ಬೇರೆ ಕಡೆ ಒದಗಿಸುವ ಕೆಲಸ ಕೆಲವೆಡೆ ನಡೆದಿದೆ. ಉಡುಪಿಯ ಯಕ್ಷಗಾನ ಕೇಂದ್ರದಲ್ಲಿ ವಸತಿ ಶಿಕ್ಷಣವಿದೆ. 1975ರಲ್ಲಿ ಆರಂಭವಾದ ಉಡುಪಿಯ ಯಕ್ಷಗಾನ ಕಲಾರಂಗ ಶಾಲಾಮಕ್ಕಳ ಯಕ್ಷಗಾನಕ್ಕೂ ಕಲಾವಿದರ ಕ್ಷೇಮಕ್ಕೂ ದುಡಿಯುತ್ತಿದೆ. ಕೆರೆಮನೆಯಲ್ಲಿ ಶ್ರೀಮಯ ಕಲಾಕೇಂದ್ರವಿದೆ. ಇವುಗಳ ಜೊತೆಗೆ, ಕಾಲಮಿತಿಯ ಆಟದಲ್ಲೂ ಪೂರ್ವರಂಗದ ಅರ್ಧ ಗಂಟೆಯನ್ನು ಕಿರಿಯರಿಗೆ ಕಾದಿರಿಸುವುದು, ಹರಕೆ ಹೊತ್ತವರು ವರ್ಷಕ್ಕೆ ಕೆಲವಾದರೂ ಆಟಗಳನ್ನು ಪೂರ್ತಿ ರಾತ್ರಿ ಆಡಿಸುವುದು, ನೇರಪ್ರಸಾರದ ಗಳಿಕೆಯಲ್ಲಿ ಕಿರಿಯ ಕಲಾವಿದರಿಗೂ ಪಾಲು ಕೊಡುವುದು ಮೇಳಗಳ ಕೈಯಲ್ಲಿಯೇ ಇರುವ ಉಪಾಯಗಳು. ಪರದೇಶದ ಸಂಬಳ ಆಟವನ್ನು ಆಡಿಸಬಲ್ಲದು, ಮೊಬೈಲು ಅದನ್ನು ತೋರಿಸಬಲ್ಲದು. ಮುಂದಿನ ಭಾಗವತನನ್ನೂ ಬಣ್ಣದ ವೇಷಧಾರಿಯನ್ನೂ ತಯಾರಿಸುವ ಹೊಣೆ ಮೇಳದ್ದು, ಮತ್ತು ಆ ಕಿರಿಯರ ಆಟವನ್ನು ಕುಳಿತು ನೋಡುವ ಊರಿನವರದ್ದು.