ಐದು ಸಲ ಬರೆದ ಪ್ರಬಂಧ

ಕಾಲೇಜಿನ ಹುಡುಗರ ಪಾಲಿಗೆ ಪ್ರಬಂಧವೆಂಬುದು ಪ್ರಶ್ನಪತ್ರಿಕೆಯ ಕೊನೆಯಲ್ಲಿ ತೆರಬೇಕಾದ ಒಂದು ಕಂದಾಯ. ಪದ್ಯದ ಭಾವಾರ್ಥವನ್ನು ಬರೆದು, ಸಂದರ್ಭ ಸೂಚಿಸಿ, ಟಿಪ್ಪಣಿಗಳನ್ನು ಮುಗಿಸಿ, ಗಂಟೆ ಬಾರಿಸಲು ಇನ್ನು ಅರ್ಧ ತಾಸು ಇದೆಯೆನ್ನುವಾಗ ಅದನ್ನು ಸಲ್ಲಿಸಬೇಕು. ಸಲ್ಲಿಸುವ ನಾಣ್ಯವೂ ಮೊದಲೇ ಸಿದ್ಧವಾಗಿರುತ್ತದೆ. "ಮಾನವನು ಸಂಘಜೀವಿ" ಎಂದು ಆರಂಭಿಸಿದರೆ ಗ್ರಂಥಾಲಯದ ಮಹತ್ವಕ್ಕೂ ಸಲ್ಲುತ್ತದೆ, ವರದಕ್ಷಿಣೆಯ ಪಿಡುಗಿಗೂ ಸಲ್ಲುತ್ತದೆ. ದಾವಣಗೆರೆಯ ಕಾಲೇಜುಗಳು ಮೊದಲು ಮೈಸೂರು ವಿಶ್ವವಿದ್ಯಾನಿಲಯಕ್ಕೆ ಸೇರಿದ್ದವು. 1987ರಲ್ಲಿ ಕುವೆಂಪು ವಿಶ್ವವಿದ್ಯಾನಿಲಯವು ಹುಟ್ಟಿದ ಮೇಲೆ ಅದರ ಆಶ್ರಯಕ್ಕೆ ಬಂದವು. 2009ರಲ್ಲಿ ಊರಿಗೇ ಒಂದು ವಿಶ್ವವಿದ್ಯಾನಿಲಯ ದೊರೆಯಿತು. ಮೂರು ಮನೆ ಬದಲಾಯಿಸಿದರೂ "ವಿಜ್ಞಾನ: ವರವೋ ಶಾಪವೋ" ಎಂಬ ಹಳೆಯ ಪೆಟ್ಟಿಗೆ ಮಾತ್ರ ನಮ್ಮ ಜೊತೆಗೇ ಬಂದಿದೆ.

ಹೀಗಿರುವಲ್ಲಿ, ಪ್ರಬಂಧವನ್ನು ಬರೆಯುವುದು ಹೇಗೆ ಎಂಬುದನ್ನು ನಮ್ಮ ಹುಡುಗರು ಎಲ್ಲಿ ಕಲಿಯುತ್ತಾರೆ? ಪೀಠಿಕೆ, ವಿಷಯ ವಿವರಣೆ, ಉಪಸಂಹಾರ ಎಂಬ ಮೂರು ಅಂಗಗಳನ್ನು ಹೈಸ್ಕೂಲಿನಲ್ಲಿಯೇ ಹೇಳಿಕೊಟ್ಟಿರುತ್ತಾರೆ. ಅದು ಕಟ್ಟಿ ಮುಗಿದ ಮನೆಯ ವರ್ಣನೆ. ತಳಪಾಯ ತೋಡುವಾಗ ಏನು ಸಿಕ್ಕಿತು, ಯಾವ ಗೋಡೆಯನ್ನು ಕಟ್ಟಿ ಮತ್ತೆ ಕೆಡವಬೇಕಾಯಿತು ಎಂಬುದು ಆ ವರ್ಣನೆಯಲ್ಲಿ ಬರುವುದಿಲ್ಲ. ಈ ಕೊರತೆಯನ್ನು ಕುರಿತು ಅಧ್ಯಾಪಕರಾದ ನಾವು ಮಾತನಾಡುವುದಕ್ಕಿಂತ, ಕಲಿತವರ ಬಾಯಿಂದಲೇ ಕೇಳುವುದು ಮೇಲು. ಕಳೆದ ವರ್ಷ ನನ್ನ ತರಗತಿಯಲ್ಲಿದ್ದ, ಹರಿಹರದಿಂದ ದಿನವೂ ದಾವಣಗೆರೆಗೆ ಬಂದು ಹೋಗುತ್ತಿದ್ದ ಒಬ್ಬ ವಿದ್ಯಾರ್ಥಿನಿಯ ಟಿಪ್ಪಣಿ ಪುಸ್ತಕ ನನ್ನ ಮುಂದಿದೆ. ಪ್ರಬಂಧ ಬರೆಯುವುದರ ಜೊತೆಗೆ, ಅದನ್ನು ಬರೆಯುವಾಗ ಏನೇನು ನಡೆಯಿತೆಂಬುದನ್ನೂ ಗುರುತು ಹಾಕಿಕೊಳ್ಳಿರೆಂದು ತರಗತಿಗೆ ಹೇಳಿದ್ದೆ. ಬಹಳ ಮಂದಿ ಎರಡು ದಿನ ಬರೆದು ಬಿಟ್ಟರು. ಈಕೆ ಮೂರು ತಿಂಗಳು ಬರೆದಳು. ಅವಳ ಒಪ್ಪಿಗೆಯಿಂದ ಇಲ್ಲಿ ಅದನ್ನು ಬಳಸಿಕೊಳ್ಳುತ್ತಿದ್ದೇನೆ, ಹೆಸರು ಬೇಡವೆಂದಳು.

ಅವಳು ಆರಿಸಿಕೊಂಡ ವಿಷಯ ತನ್ನ ಊರಿನ ಹರಿಹರೇಶ್ವರ ದೇವಾಲಯ. ಮೊದಲ ಪ್ರತಿ ಒಂದೇ ಸಂಜೆಯಲ್ಲಿ ಮುಗಿಯಿತು. ಭಾರತವು ದೇವಾಲಯಗಳ ನಾಡು ಎಂದು ಅದು ಆರಂಭವಾಗಿತ್ತು. ನಮ್ಮ ಪರಂಪರೆಯನ್ನು ಉಳಿಸಿಕೊಳ್ಳುವುದು ನಮ್ಮೆಲ್ಲರ ಆದ್ಯ ಕರ್ತವ್ಯ ಎಂದು ಮುಗಿದಿತ್ತು. ತಪ್ಪಿಲ್ಲದ ಕನ್ನಡ, ಮುತ್ತಿನಂಥ ಅಕ್ಷರ. ಮರುದಿನ ರೈಲಿನಲ್ಲಿ ಅವಳ ಗೆಳತಿಯೊಬ್ಬಳು ಅದೇ ವಿಷಯವನ್ನು ಮೊಬೈಲಿಗೆ ಹೇಳಿ, ಕಣ್ಣು ಮಿಟುಕಿಸುವಷ್ಟರಲ್ಲಿ ಒಂದು ಪ್ರಬಂಧವನ್ನು ಬರೆಯಿಸಿದಳಂತೆ. ಇಬ್ಬರೂ ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ಓದಿದರು. "ಯಾವುದು ನನ್ನದು, ಯಾವುದು ಯಂತ್ರದ್ದು ಎಂದು ಬೇರೆಯವರು ಕೇಳಿದರೆ ಹೇಳಲಾಗುತ್ತಿರಲಿಲ್ಲ. ಯಂತ್ರ ನನ್ನಂತೆ ಬರೆಯಿತೆಂದು ಗೆಳತಿ ನಕ್ಕಳು. ನಾನು ಯಂತ್ರದಂತೆ ಬರೆದಿದ್ದೆನೆಂದು ನನಗೆ ಅಳು ಬಂತು" ಎಂದು ಪುಸ್ತಕದ ಎರಡನೆಯ ಪುಟದಲ್ಲಿದೆ. ಮನೆಯಲ್ಲಿ ಮೊದಲ ಸಲ ಕಾಲೇಜಿನ ಮೆಟ್ಟಿಲು ಹತ್ತಿದ ಹುಡುಗಿ ಅವಳು. ಹತ್ತಾರು ವರ್ಷ ಕಷ್ಟಪಟ್ಟು ಸಂಪಾದಿಸಿದ ಒಳ್ಳೆಯ ಕನ್ನಡ, ಯಾರದ್ದೂ ಆಗಬಹುದಾದ ಕನ್ನಡವಾಗಿತ್ತೆಂಬುದು ಅವಳಿಗೆ ಆ ಬೆಳಗ್ಗೆ ಕಂಡಿತು. ನಗುವ ಸಂಗತಿಯೇನಲ್ಲ.

ಎರಡನೆಯ ಪ್ರತಿಗೆ ಮೊದಲು ಅವಳು ದೇವಾಲಯಕ್ಕೆ ಹೋದಳು. ಹುಟ್ಟಿದಂದಿನಿಂದ ಹೋಗುತ್ತಿದ್ದ ಜಾಗವೇ. ಆದರೆ ಕೈಮುಗಿಯುವುದಕ್ಕೆ ಹೋಗುವುದು ಬೇರೆ, ಬರೆಯುವುದಕ್ಕೆ ಹೋಗುವುದು ಬೇರೆ. ಹೊಯ್ಸಳ ಎರಡನೆಯ ನರಸಿಂಹನ ದಂಡನಾಯಕನಾದ ಪೋಲಾಳ್ವನು 1224ರ ಸುಮಾರಿಗೆ ಈ ಗುಡಿಯನ್ನು ಕಟ್ಟಿಸಿದನೆಂದೂ, ಮೂರನೆಯ ನರಸಿಂಹನ ದಂಡನಾಯಕ ಸೋಮನು 1268ರಲ್ಲಿ ಅದಕ್ಕೆ ಕೆಲವು ಭಾಗಗಳನ್ನು ಸೇರಿಸಿದನೆಂದೂ ಮೊದಲ ಪ್ರತಿಯಲ್ಲಿಯೂ ಇತ್ತು. ಆ ಇಸವಿಗಳು ಅಲ್ಲಿ ಸುಮ್ಮನೆ ಕೂತಿದ್ದವು. ಈಗ ಅವಳು ಶಾಸನದ ಕಲ್ಲಿನ ಮುಂದೆ ನಿಂತು, ಹಳೆಯ ಅಕ್ಷರಗಳಲ್ಲಿ ಎಷ್ಟು ತನಗೆ ಗುರುತು ಹತ್ತುತ್ತದೆಂದು ನೋಡಿದಳು. ಒಂದು ಸಾಲಿನಲ್ಲಿ ನಾಲ್ಕೈದು. ಕಾಲೇಜಿನ ಗ್ರಂಥಾಲಯದಲ್ಲಿ ಎಪಿಗ್ರಾಫಿಯಾ ಕರ್ನಾಟಿಕದ ಹನ್ನೊಂದನೆಯ ಸಂಪುಟವನ್ನು ತೆಗೆಸಿ, ಹರಿಹರದ ಶಾಸನಗಳು ಅಲ್ಲಿ ದಾವಣಗೆರೆ ತಾಲ್ಲೂಕಿನ ಲೆಕ್ಕದಲ್ಲಿರುವುದನ್ನು ಕಂಡು ಅಚ್ಚರಿಪಟ್ಟಳು. ಊರಿಗೆ ಕೂಡಲೂರೆಂಬ ಹಳೆಯ ಹೆಸರು ಏಕೆ ಬಂತೆಂದು ತಿಳಿಯಲು, ಹರಿದ್ರಾ ನದಿಯು ತುಂಗಭದ್ರೆಯನ್ನು ಕೂಡುವೆಡೆಗೆ ನಡೆದುಹೋದಳು. ಗರ್ಭಗುಡಿಯ ಮೂರ್ತಿಯ ಬಲಭಾಗ ಹರ, ಎಡಭಾಗ ಹರಿ. ಎರಡು ಭಾಗಗಳೂ ಎಲ್ಲಿ ಸೇರುತ್ತವೆಂದು ಎಷ್ಟು ದಿಟ್ಟಿಸಿದರೂ ಗೆರೆ ಕಾಣಲಿಲ್ಲವೆಂದು ಬರೆದಿದ್ದಾಳೆ. ಇದು ಗೈಡಿನಲ್ಲಿ ಇಲ್ಲದ ವಾಕ್ಯ.

ಆದರೂ ಎರಡನೆಯ ಪ್ರತಿ ಮೊದಲನೆಯದಕ್ಕಿಂತ ಕೆಟ್ಟದಾಗಿತ್ತು. ಕಂಡದ್ದನ್ನೆಲ್ಲ ತುಂಬಿದ್ದಳು, ಹನ್ನೊಂದು ಪುಟ. ಓದುವವನು ಎಲ್ಲಿ ನಿಲ್ಲಬೇಕು, ಎಲ್ಲಿ ಮುಂದೆ ಸಾಗಬೇಕು ಎಂಬ ದಾರಿಯೇ ಇರಲಿಲ್ಲ. ಬಹುಮಂದಿ ವಿದ್ಯಾರ್ಥಿಗಳು ಕೈಬಿಡುವುದು ಇಲ್ಲಿಯೇ. ಅಚ್ಚುಕಟ್ಟಾದ ಸುಳ್ಳನ್ನು ಬಿಟ್ಟು ಅಸ್ತವ್ಯಸ್ತವಾದ ನಿಜಕ್ಕೆ ಬಂದವನಿಗೆ, ತಾನು ಹಿಂದಕ್ಕೆ ಹೋದೆನೆಂದೇ ಅನ್ನಿಸುತ್ತದೆ. ಅಂಕ ಹಾಕುವವರೂ ಹಾಗೆಯೇ ತಿಳಿಯುತ್ತಾರೆ.

ಇಲ್ಲಿ ಒಂದು ಮಾತು ಹೇಳಬೇಕು. ನಮ್ಮ "ಪ್ರಬಂಧ" ಎಂಬ ಶಬ್ದದಲ್ಲಿ ಬಂಧವಿದೆ; ಚೆನ್ನಾಗಿ ಬಿಗಿದು ಕಟ್ಟಿದ್ದು ಎಂದು ಅರ್ಥ. ಹಿಂದೆ ಕಾವ್ಯಕ್ಕೂ ಸಂಗೀತ ರಚನೆಗೂ ಆ ಹೆಸರು ಸಂದಿತ್ತು. ಪಶ್ಚಿಮದಲ್ಲಿ ಈ ಪ್ರಕಾರಕ್ಕೆ ಹೆಸರಿಟ್ಟ ಫ್ರಾನ್ಸಿನ ಮಾಂಟೇನ್ 1580ರಲ್ಲಿ ತನ್ನ ಬರಹಗಳನ್ನು ಪ್ರಕಟಿಸುವಾಗ "ಎಸ್ಸೇ" ಎಂದು ಕರೆದ. ಆ ಮಾತಿಗೆ ಯತ್ನ, ಪರೀಕ್ಷಿಸಿ ನೋಡುವುದು ಎಂದು ಅರ್ಥ. ಅವನು ಅಷ್ಟಕ್ಕೇ ಬಿಡಲಿಲ್ಲ. 1588ರಲ್ಲಿ ಹೊಸದೊಂದು ಭಾಗವನ್ನು ಸೇರಿಸಿ ಮತ್ತೆ ಅಚ್ಚು ಹಾಕಿಸಿದ, ಆಮೇಲೂ 1592ರಲ್ಲಿ ಸಾಯುವವರೆಗೆ ತನ್ನ ಅಚ್ಚಾದ ಪುಸ್ತಕದ ಅಂಚಿನಲ್ಲಿಯೇ ತಿದ್ದುತ್ತ, ಸೇರಿಸುತ್ತ ಇದ್ದ. ನಮ್ಮ ಶಬ್ದ ಕೆಲಸದ ಕೊನೆಯನ್ನು ಹೇಳುತ್ತದೆ, ಅವರ ಶಬ್ದ ಮೊದಲನ್ನು ಹೇಳುತ್ತದೆ. ಎರಡೂ ಬೇಕು. ನಾವು ಮಾತ್ರ ಮೊದಲ ಯತ್ನವನ್ನೇ ಕೊನೆಯ ಬಂಧವೆಂದು ಹುಡುಗರಿಂದ ಬರೆಯಿಸಿಕೊಳ್ಳುತ್ತಿದ್ದೇವೆ.

ಮೂರನೆಯ ಪ್ರತಿಗೆ ದಾರಿ ತೋರಿಸಿದವರು ಅವಳ ಅಜ್ಜ. ಹರಿಹರದಲ್ಲಿ 1941ರಲ್ಲಿ ಸ್ಥಾಪನೆಯಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯು ಲೇತ್ ಯಂತ್ರಗಳಿಗೆ ದೇಶದಲ್ಲೆಲ್ಲ ಹೆಸರಾಗಿತ್ತು. ಅದು ಕೆಲಸ ನಿಲ್ಲಿಸಿ ಎರಡು ದಶಕಗಳು ಕಳೆದಿವೆ. ಆದರೆ ಅಲ್ಲಿ ದುಡಿದ ಕೈಗಳು ಊರಿನಲ್ಲಿ ಇನ್ನೂ ಇವೆ. ಅಜ್ಜ ಮೊಮ್ಮಗಳ ಜೊತೆ ಗುಡಿಗೆ ಬಂದು, ಮಂಟಪದ ದುಂಡನೆಯ ಕಂಬವೊಂದನ್ನು ಅಂಗೈಯಿಂದ ಸವರಿ, ಇದು ತಿರುಗಿಸಿ ಕಡೆದದ್ದು ಎಂದರಂತೆ. ಹೊಯ್ಸಳರ ಇಂಥ ಕಂಬಗಳನ್ನು ತಿರುಗಣೆಯ ಮೇಲೆ ಕಡೆದಿರಬೇಕೆಂಬುದು ವಿದ್ವಾಂಸರ ಅಭಿಪ್ರಾಯವೂ ಹೌದು. ಹೇಗೆ ಕಡೆಯುವುದೆಂದು ಅವಳು ಕೇಳಿದಳು. ಅಜ್ಜ ಕಲ್ಲಿನ ವಿಷಯ ಬಿಟ್ಟು ತಮ್ಮ ಕಬ್ಬಿಣದ ವಿಷಯ ಹೇಳಿದರು: "ಮೊದ್ಲು ರಫ್ ಕಟ್ ಹೊಡೀಬೇಕವ್ವ. ಮ್ಯಾಲಿನ ಸಿಪ್ಪೆ ಹೋದ್ಮ್ಯಾಲೆ ಒಳಗ ಹೆಂಗೈತಿ ಅಂತ ತಿಳೀತೈತಿ. ಎರಕದಾಗ ತೂತಿದ್ರೆ ಆವಾಗ್ಲೇ ಕಾಣೋದು. ಫಿನಿಶಿಂಗ್ ಕಟ್ ಕೊನಿಗೆ. ಮೊದ್ಲೇ ನುಣ್ಣಗ ಮಾಡಾಕ ಹೋದ್ರ ಅಳತಿ ಕೆಡ್ತೈತಿ."

ಈ ಮಾತುಗಳನ್ನು ಅವಳು ಹೀಗೆಯೇ ಬರೆದುಕೊಂಡಿದ್ದಳು. ಪ್ರಬಂಧದಲ್ಲಿ ಮಾತ್ರ, "ಆರಂಭದಲ್ಲಿ ಸ್ಥೂಲವಾಗಿ ಕತ್ತರಿಸಬೇಕೆಂದು ನನ್ನ ಪಿತಾಮಹರು ತಿಳಿಸಿದರು" ಎಂದು ಮಾಡಿದ್ದಳು. ಏಕಮ್ಮಾ ಎಂದು ಕೇಳಿದೆ. "ಐತಿ ಅಂತ ಪ್ರಬಂಧದಾಗ ಬರೀಬೌದಾ ಸರ್?" ಎಂದಳು. ಬಯಲುಸೀಮೆಯ ಈ ಅಂಚಿನಲ್ಲಿ ಧಾರವಾಡದ ಕಡೆಯ ಮಾತೂ ಮೈಸೂರಿನ ಕಡೆಯ ಮಾತೂ ಒಂದೇ ಬಾಯಿಯಲ್ಲಿ ಕೂಡುತ್ತವೆ; ಅದು ಎರಡಕ್ಕೂ ಸೇರದ ಅಶುದ್ಧವೆಂದು ಮಕ್ಕಳು ಶಾಲೆಯಲ್ಲಿಯೇ ನಂಬಿಬಿಟ್ಟಿರುತ್ತಾರೆ. ಒಂಬತ್ತನೆಯ ಶತಮಾನದ ಕವಿರಾಜಮಾರ್ಗವು ಕನ್ನಡವನ್ನು ಬಹುವಚನದಲ್ಲಿ ಹೇಳಿ, ದೇಸಿಗಳು ಬೇರೆ ಬೇರೆಯಾದುದರಿಂದ ಅವುಗಳ ದೋಷಗಳನ್ನು ಎಣಿಸಹೊರಟರೆ ವಾಸುಕಿಗೂ ಬೇಸರವಾದೀತೆಂದಿದೆ. ಅದನ್ನು ಅವಳಿಗೆ ತೋರಿಸಿದೆ. ಆಡುಮಾತಿನಲ್ಲಿಯೇ ಪ್ರಬಂಧವನ್ನೆಲ್ಲ ಬರೆಯಬೇಕೆಂಬುದು ನನ್ನ ವಾದವಲ್ಲ. ಗ್ರಾಂಥಿಕ ಕನ್ನಡದ ಗಾಂಭೀರ್ಯವನ್ನು ಮೆಚ್ಚುವವನು ನಾನು. ಆದರೆ ಅಜ್ಜನನ್ನು ಪಿತಾಮಹನನ್ನಾಗಿ ಮಾಡಿದಾಗ ಅವರ ಕೈಗೆ ಹತ್ತಿದ ಎಣ್ಣೆಯ ವಾಸನೆ ಹೋಗಿಬಿಡುತ್ತದೆ. ಅದು ಹೋದ ಮೇಲೆ ಉಳಿದ ವಾಕ್ಯವನ್ನು ಮೊಬೈಲೇ ಬರೆದುಕೊಡಬಲ್ಲದು.

ನಮ್ಮ ಸಾಹಿತ್ಯದಲ್ಲಿ ಇದಕ್ಕೆ ಮೇಲ್ಪಂಕ್ತಿಯಿಲ್ಲದೆ ಇಲ್ಲ. ಕಾಲೇಜೇ ಹೊಸ ಕನ್ನಡ ಗದ್ಯದ ಒಂದು ತೊಟ್ಟಿಲು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಕರ್ನಾಟಕ ಸಂಘದಿಂದ 1919ರಲ್ಲಿ ಎ. ಆರ್. ಕೃಷ್ಣಶಾಸ್ತ್ರಿಗಳು "ಪ್ರಬುದ್ಧ ಕರ್ನಾಟಕ"ವನ್ನು ಹೊರಡಿಸಿದರು. ಗೊರೂರರ "ಹಳ್ಳಿಯ ಚಿತ್ರಗಳು" 1930ರಲ್ಲಿಯೂ, ಕುವೆಂಪು ಅವರ "ಮಲೆನಾಡಿನ ಚಿತ್ರಗಳು" 1933ರಲ್ಲಿಯೂ, ಎ. ಎನ್. ಮೂರ್ತಿರಾಯರ "ಹಗಲುಗನಸುಗಳು" 1937ರಲ್ಲಿಯೂ ಬಂದವು. ಇವರು ಯಾರೂ ತಮ್ಮ ಊರನ್ನೂ ತಮ್ಮ ಸ್ವಭಾವವನ್ನೂ ಬಾಗಿಲ ಹೊರಗೆ ಬಿಟ್ಟು ಬರೆಯಲು ಕೂತವರಲ್ಲ. ಇವರ ಬರಹಗಳನ್ನು ನಾವು ಪಠ್ಯದಲ್ಲಿಟ್ಟಿದ್ದೇವೆ. ಇಟ್ಟು, ಲೇಖಕರ ಅಭಿಪ್ರಾಯವೇನು, ಸಾರಾಂಶ ಬರೆಯಿರಿ ಎಂದು ಕೇಳುತ್ತೇವೆ. ಲಲಿತ ಪ್ರಬಂಧದ ಸಾರಾಂಶವೆಂದರೆ ಬೆಣ್ಣೆ ದೋಸೆಯ ಲೆಕ್ಕಪತ್ರವಿದ್ದಂತೆ. ಅದನ್ನು ಬರೆಯುವುದಕ್ಕೆ ದೋಸೆ ತಿಂದಿರಬೇಕಾದ ಅಗತ್ಯವಿಲ್ಲ. ಈ ವಾಕ್ಯ ಏಕೆ ಇಲ್ಲಿದೆ, ಮೊದಲ ಪುಟದಲ್ಲಿ ಏಕಿಲ್ಲ ಎಂದು ಒಮ್ಮೆಯಾದರೂ ಕೇಳಿದ್ದರೆ ವಿದ್ಯಾರ್ಥಿಗೆ ಬರವಣಿಗೆಯ ಒಳಮನೆಯ ಬಾಗಿಲು ತೆರೆಯುತ್ತಿತ್ತು.

ನಾಲ್ಕನೆಯ ಪ್ರತಿ ಬರೀ ಕತ್ತರಿಸುವ ಕೆಲಸ. ಹನ್ನೊಂದು ಪುಟ ಐದಾಯಿತು. ಜೋರಾಗಿ ಓದುವಾಗ ಎಲ್ಲೆಲ್ಲಿ ಉಸಿರು ಸಿಕ್ಕಿಕೊಂಡಿತೋ ಅಲ್ಲಿ ಪೆನ್ಸಿಲಿನಿಂದ ಗೀಟು ಹಾಕಿದ್ದಾಳೆ. ಗುಹಾಸುರನ ಕಥೆ ಹೋಯಿತು. ಅದು ಅವಳಿಗೆ ಬಹಳ ಪ್ರಿಯವಾಗಿತ್ತು, ಆದರೆ ಕಂಬದ ಹತ್ತಿರ ಅದಕ್ಕೆ ಕೆಲಸವಿರಲಿಲ್ಲ. ಭಾರತವು ದೇವಾಲಯಗಳ ನಾಡಾಗಿದ್ದ ಮೊದಲ ಪುಟ ಪೂರಾ ಹೋಯಿತು. "ಮೊದಲ ವಾಕ್ಯ ಯಾವುದೆಂಬುದು ಎಲ್ಲವನ್ನೂ ಬರೆದ ಮೇಲೆ ಗೊತ್ತಾಗುತ್ತದೆಂದು ಯಾರೂ ಹೇಳಿರಲಿಲ್ಲ" ಎಂಬುದು ಪುಸ್ತಕದಲ್ಲಿ ಅವಳು ಎರಡು ಸಲ ಬರೆದಿರುವ ಮಾತು. ಐದನೆಯ ಪ್ರತಿಯಲ್ಲಿ ಆದ್ಯ ಕರ್ತವ್ಯದ ಉಪಸಂಹಾರವನ್ನೂ ತೆಗೆದಳು. ಈಗ ಪ್ರಬಂಧವು ಅಜ್ಜ ಕಂಬದ ಮೇಲಿನ ಒಂದು ಸಣ್ಣ ಒಡಕನ್ನು ಉಗುರಿನಿಂದ ಮುಟ್ಟಿ ನೋಡುವಲ್ಲಿ ನಿಲ್ಲುತ್ತದೆ.

ಈ ಐದನೆಯ ಪ್ರತಿಯನ್ನು ಅವಳು ಅಂತರ ಕಾಲೇಜು ಪ್ರಬಂಧ ಸ್ಪರ್ಧೆಯೊಂದಕ್ಕೆ ಕಳುಹಿಸಿದಳು. ಬಹುಮಾನ ಬರಲಿಲ್ಲ. ಹಿಂದಿರುಗಿ ಬಂದ ಪ್ರತಿಯ ಕೊನೆಯಲ್ಲಿ ಕೆಂಪು ಶಾಯಿಯಿಂದ "ಉಪಸಂಹಾರವಿಲ್ಲ" ಎಂದು ಬರೆದಿತ್ತು. ಆ ತೀರ್ಪುಗಾರರನ್ನು ನಾನು ದೂರಲಾರೆ. ರಾಶಿ ಪ್ರಬಂಧಗಳನ್ನು ಒಂದು ಮಧ್ಯಾಹ್ನದಲ್ಲಿ ಓದಿ ಮುಗಿಸಬೇಕಾದವರಿಗೆ ಮೂರು ಅಂಗಗಳ ಅಳತೆಗೋಲು ಬಹಳ ಅನುಕೂಲದ ಸಾಧನ. ನಮ್ಮ ಕಷ್ಟವೂ ಅಂಥದೇ. ತರಗತಿಯಲ್ಲಿ ಎಂಬತ್ತು ಮಂದಿಯಿದ್ದರೆ, ಒಬ್ಬೊಬ್ಬರು ಐದು ಪ್ರತಿ ಬರೆದರೆ, ನಾನೂರು ಪ್ರಬಂಧಗಳಾದವು. ಯಾವ ಅಧ್ಯಾಪಕ ತಿದ್ದಿಯಾನು? ಆದುದರಿಂದ ನಾನು ಈಗ ಮೊದಲ ಮೂರು ಪ್ರತಿಗಳನ್ನು ತಿದ್ದುವ ಗೋಜಿಗೇ ಹೋಗುವುದಿಲ್ಲ. ಇಬ್ಬಿಬ್ಬರು ಕೂತು ಒಬ್ಬರದನ್ನು ಇನ್ನೊಬ್ಬರು ಜೋರಾಗಿ ಓದಲಿ. ತನ್ನ ವಾಕ್ಯ ಪರರ ಬಾಯಿಯಲ್ಲಿ ಎಡವುವುದನ್ನು ಕೇಳಿದವನಿಗೆ ಅಧ್ಯಾಪಕನ ಕೆಂಪು ಗೀಟು ಬೇಕಾಗುವುದಿಲ್ಲ. ಹದಿನಾಲ್ಕು ಕಿಲೋಮೀಟರಿನ ರೈಲು ಪ್ರಯಾಣದಲ್ಲಿಯೇ ಹರಿಹರದ ಹುಡುಗಿಯರು ಈ ಕೆಲಸವನ್ನು ಮುಗಿಸಿಕೊಂಡು ಬರುತ್ತಾರೆ. ನಾಲ್ಕನೆಯದೋ ಐದನೆಯದೋ ನನ್ನ ಮೇಜಿಗೆ ಬಂದರೆ ಸಾಕು.

ಪರೀಕ್ಷೆಯ ಅರ್ಧ ತಾಸಿನಲ್ಲಿ ಐದು ಸಲ ಬರೆಯುವುದಕ್ಕೆ ಎಡೆಯೆಲ್ಲಿ ಎಂದು ಓದುಗರು ಕೇಳಬಹುದು. ಅವಳೂ ಕೇಳಿದಳು. ಎಡೆಯಿಲ್ಲ. ಆ ಅರ್ಧ ತಾಸಿಗೆ ಬೇಕಾದ ಮೂರು ಅಂಗಗಳ ಪ್ರಬಂಧವನ್ನು ಅವಳು ಈಗಲೂ ಬರೆಯಬಲ್ಲಳು, ಸೆಮಿಸ್ಟರಿನ ಕೊನೆಯಲ್ಲಿ ಬರೆದೂ ಬಂದಳು. ಒಳ್ಳೆಯ ಅಂಕವೇ ಬಂತು. ಆದರೆ ಎರಡು ಬೇರೆ ಕೆಲಸಗಳೆಂಬುದು ಅವಳಿಗೆ ಗೊತ್ತಾಗಿದೆ, ಒಂದರ ಹೆಸರಿನಲ್ಲಿ ಇನ್ನೊಂದನ್ನು ಕಳೆದುಕೊಳ್ಳುವುದಿಲ್ಲ. ಈಗ ದಾವಣಗೆರೆಯ ಮಂಡಕ್ಕಿ ಭಟ್ಟಿಗಳ ಮೇಲೆ ಬರೆಯುತ್ತಿದ್ದಾಳೆ. ಅಕ್ಕಿ ಅರಳುವ ಹೊತ್ತಿನ ಸದ್ದಿಗೆ ಅಲ್ಲಿನ ಹೆಂಗಸರು ಯಾವ ಮಾತು ಬಳಸುತ್ತಾರೆಂದು ಕೇಳಿ ಬರಲು ಕಳೆದ ವಾರ ಎರಡು ಸಲ ಹೋಗಿದ್ದಳಂತೆ. ಮೊದಲ ಪುಟವನ್ನು ಆಗಲೇ ಹರಿದು ಹಾಕಿದ್ದಾಳೆ.