ಹೊಸ ಬೈಕಿನ ಮೊದಲ ಆಯಿಲ್

ಹೊಸ ಬೈಕಿನ ಆಯಿಲನ್ನು ಮೊದಲ ಸಲ ಅಷ್ಟು ಬೇಗ ಏಕೆ ಬದಲಿಸಬೇಕು? ಮನೆಯಲ್ಲೇ ಮಾಡಬಹುದೇ?

ಹೊಸ ರುಬ್ಬುಕಲ್ಲಿನಲ್ಲಿ ಮೊದಲು ರುಬ್ಬಿದ್ದನ್ನು ಯಾರೂ ತಿನ್ನುವುದಿಲ್ಲ. ಅದರಲ್ಲಿ ಕಲ್ಲಿನ ಪುಡಿ ಇರುತ್ತದೆ. ಹೊಸ ಎಂಜಿನ್ನೂ ಹಾಗೆಯೇ. ಪಿಸ್ಟನ್ ರಿಂಗು ಸಿಲಿಂಡರಿನ ಗೋಡೆಗೆ, ಗಿಯರಿನ ಹಲ್ಲು ಹಲ್ಲಿಗೆ ಉಜ್ಜಿ ಹೊಂದಿಕೊಳ್ಳುವಾಗ ಉದುರುವ ಲೋಹದ ಪುಡಿ ಆಯಿಲಿಗೆ ಸೇರುತ್ತದೆ. ಹೆಚ್ಚಿನ ಬೈಕುಗಳಲ್ಲಿ ಕ್ಲಚ್ಚಿಗೂ ಅದೇ ಆಯಿಲ್. ಆದ್ದರಿಂದಲೇ ಸಾಮಾನ್ಯವಾಗಿ 500ರಿಂದ 1000 ಕಿ.ಮೀ. ಒಳಗೆ ಮೊದಲ ಬದಲಾವಣೆ.

ಮನೆಯಲ್ಲೂ ಮಾಡಬಹುದು. ಆದರೆ ಉಚಿತ ಸರ್ವಿಸ್ ಬಿಟ್ಟರೆ ವಾರಂಟಿಗೆ ತೊಂದರೆಯಾದೀತು, ಬೈಕಿನ ಕೈಪಿಡಿ ಮೊದಲೇ ನೋಡಿಕೊಳ್ಳುವುದು ಒಳ್ಳೆಯದು.

ಎಂಜಿನ್ ಕೆಲ ನಿಮಿಷ ಓಡಿಸಿ ನಿಲ್ಲಿಸಿ, ಅಡಿಯ ಡ್ರೇನ್ ಬೋಲ್ಟ್ ಬಿಚ್ಚಿದರೆ ಆಯಿಲ್ ತೆಳುವಾಗಿ, ಪುಡಿಯನ್ನೂ ಹೊತ್ತು ಇಳಿಯುತ್ತದೆ. ಬಿಸಿಲಿಗೆ ಹಿಡಿದರೆ ಅದರಲ್ಲಿ ಬೆಳ್ಳಿಯಂಥ ಮಿಂಚು! ಬೋಲ್ಟ್ ಮತ್ತೆ ಹಾಕುವಾಗ ಹೊಸ ವಾಷರ್ ಬೇಕು. ವಿಪರೀತ ಟೈಟ್ ಮಾಡಿದರೆ ಅಲ್ಯೂಮಿನಿಯಂ ಥ್ರೆಡ್ ಹಾಳಾಗುತ್ತದೆ. ಕಾರಿನ ಆಯಿಲ್ ಬೇಡ, ಕ್ಲಚ್ ಜಾರಬಹುದು. ಹಳೆಯ ಆಯಿಲನ್ನು ಚರಂಡಿಗೆ ಸುರಿಯದೆ ಡಬ್ಬದಲ್ಲಿ ತುಂಬಿಸಿ ಗ್ಯಾರೇಜಿಗೆ ಕೊಡಬೇಕು.